ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಏನು ಕಲಿಸುತ್ತಾರೆ ಅಂತ ಯಾರೂ ಹೇಳುತ್ತಿಲ್ಲ

ಮಾನ್ಯ ಸಂಪಾದಕರೇ,

ಸಿಇಟಿ ಕೌನ್ಸೆಲಿಂಗ್ ಬಂತೆಂದರೆ ಪತ್ರಿಕೆಗಳ ತುಂಬಾ ಸೀಟು, ಫೀಸು, ಕಟಾಫ್ ರ‍್ಯಾಂಕಿನದ್ದೇ ಸುದ್ದಿ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಸೀಟು ಸಿಕ್ಕ ಮೇಲೆ ಮಕ್ಕಳು ನಾಲ್ಕು ವರ್ಷ ಕೂತು ಏನು ಓದುತ್ತಾರೆ? ಅದನ್ನು ಯಾರೂ ಬರೆಯುವುದಿಲ್ಲ. ನಮ್ಮ ಅಕ್ಕನ ಮಗಳು ಈ ಸಲ ಬ್ರಾಂಚು, ಕಾಲೇಜು ಆರಿಸುವ ಆಪ್ಷನ್ ಎಂಟ್ರಿ ಮಾಡಬೇಕು. ಮೊನ್ನೆ ಕೇಳಿದಳು, "ಮಾಮಾ, ಸಿವಿಲ್ ತಗೊಂಡ್ರ ಏನ್ ಓದಬೇಕಾಗ್ತದ?" ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಹೇಳಿಬಿಟ್ಟಳು: "ಏನೈತಿ ಅದರಾಗ? ಇಟ್ಟಂಗಿ, ಸಿಮೆಂಟು. ಗೌಂಡಿ ಮಾಡೋ ಕೆಲಸಕ್ಕ ನಾಕ್ ವರ್ಷ ಯಾಕ ಬೇಕು?"

ನಾನು ಗದಗ ಸುತ್ತಮುತ್ತ 22 ವರ್ಷದಿಂದ ಸೈಟ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ಗೌಂಡಿಯವರ ಕೈಯಲ್ಲಿರುವ ಕಸುಬು ನನಗೆ ಇವತ್ತಿಗೂ ಬರುವುದಿಲ್ಲ, ಅವರ ಮೇಲೆ ನನಗೆ ಬಹಳ ಗೌರವ. ಆದರೂ ಆ ನಾಲ್ಕು ವರ್ಷ ಯಾಕೆ ಬೇಕು ಅಂತ ಅಕ್ಕನಿಗೆ ಅವರ ಮನೆಯ ಬಾಲ್ಕನಿಯನ್ನೇ ತೋರಿಸಿ ಹೇಳಿದೆ.

ಸಾಮಾನ್ಯ ಸ್ಲ್ಯಾಬಿಗೆ ಎರಡೂ ಕಡೆ ಆಸರೆ ಇರುತ್ತದೆ. ಭಾರ ಬಿದ್ದರೆ ನಡುವೆ ಕೆಳಗೆ ಬಾಗುತ್ತದೆ, ಆಗ ಎಳೆತ ಬರುವುದು ಕೆಳಮೈಗೆ. ಕಾಂಕ್ರೀಟು ಒತ್ತಡ ಚೆನ್ನಾಗಿ ತಡೆಯುತ್ತದೆ, ಎಳೆತ ಅಷ್ಟು ತಡೆಯುವುದಿಲ್ಲ, ಅದಕ್ಕೇ ರಾಡು ಕೆಳಗೆ ಹಾಕುತ್ತೇವೆ. ಬಾಲ್ಕನಿಗೆ ಹಿಡಿತ ಇರುವುದು ಒಂದೇ ಕಡೆ. ಅದರ ತುದಿ ಕೆಳಗೆ ಜಗ್ಗುತ್ತದೆ, ಎಳೆತ ಮೇಲ್ಮೈಗೆ ಬರುತ್ತದೆ, ಹಾಗಾಗಿ ಅಲ್ಲಿ ಮುಖ್ಯ ರಾಡು ಮೇಲೆಯೇ ಇರಬೇಕು. ಎಷ್ಟೋ ಕಡೆ ರಾಡನ್ನು ಮೇಲೆಯೇ ಕಟ್ಟಿರುತ್ತಾರೆ, ಆದರೆ ಕಾಂಕ್ರೀಟ್ ಹಾಕುವ ದಿನ ಬುಟ್ಟಿ ಹೊತ್ತವರು ಅದರ ಮೇಲೆ ಓಡಾಡಿ ಓಡಾಡಿ ಅದು ಕೆಳಗೆ ಕೂತುಬಿಡುತ್ತದೆ. ಸೆಂಟ್ರಿಂಗ್ ಬಿಚ್ಚಿದ ದಿನ ಏನೂ ಕಾಣದೆ ಇರಬಹುದು, ಒಂದು ದಿನ ಮದುವೆಗೆ ಬಂದ ಹತ್ತಿಪ್ಪತ್ತು ಜನ ಅಲ್ಲಿ ನಿಂತಾಗ ಗೊತ್ತಾಗುತ್ತದೆ. ಇಷ್ಟನ್ನು ಎರಡನೇ ವರ್ಷದ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಪಾಠದಲ್ಲಿ ಬೆಂಡಿಂಗ್ ಮೊಮೆಂಟ್ (ಭಾರದಿಂದ ಬಾಗಿಸುವ ಪರಿಣಾಮ ಎಲ್ಲೆಲ್ಲಿ ಎಷ್ಟು) ಚಿತ್ರ ಬರೆಸಿ ಕಲಿಸುತ್ತಾರೆ. ರಾಡು ಎಷ್ಟು ದಪ್ಪ, ಎಷ್ಟು ಅಂತರ, ಗೋಡೆಯ ಒಳಗೆ ಎಷ್ಟು ಉದ್ದ ಹೋಗಬೇಕು ಅನ್ನುವುದನ್ನು ಆಮೇಲೆ ಕಾಂಕ್ರೀಟ್ ಕೆಲಸದ ನಿಯಮಗಳಿರುವ ಐಎಸ್ 456 ಕೋಡ್ ಇಟ್ಟುಕೊಂಡು ಲೆಕ್ಕ ಮಾಡಿಸುತ್ತಾರೆ.

ಅಕ್ಕ ಆವತ್ತಿನಿಂದ ಬಾಲ್ಕನಿಯಲ್ಲಿ ಕುಂಡ ಇಡುವುದನ್ನು ಕಡಿಮೆ ಮಾಡಿದ್ದಾಳೆ.

ಇನ್ನು ಮಣ್ಣು. ನಮ್ಮ ಕಡೆಯದು ಎರೆಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಸುಮ್ನೆ ಎರಡು ಮೂರು ಅಡಿ ಪಾಯ ತೆಗೆದು ಕಟ್ಟಿದ ಮನೆಯ ಗೋಡೆಗಳಲ್ಲಿ ಓರೆಯಾಗಿ ಬಿರುಕು ಬರುವುದನ್ನು ಎಲ್ಲರೂ ನೋಡಿದ್ದಾರೆ. ಮತ್ತೆ ಮತ್ತೆ ಪ್ಲಾಸ್ಟರ್ ಹಚ್ಚುತ್ತಾರೆ, ಮತ್ತೆ ಮತ್ತೆ ಬಿಡುತ್ತದೆ, ಯಾಕೆಂದರೆ ತಪ್ಪು ಗೋಡೆಯದ್ದಲ್ಲ. ಮಣ್ಣಿನ ಲ್ಯಾಬಿನಲ್ಲಿ ಹಸಿ ಮಣ್ಣನ್ನು ಗಾಜಿನ ಮೇಲೆ ಶಾವಿಗೆ ಹೊಸೆದ ಹಾಗೆ ಹೊಸೆಯಬೇಕು, ಎಳೆ 3 ಮಿಲಿಮೀಟರಿಗೆ ಬಂದಾಗ ಮುರಿಯಲು ಶುರುವಾದರೆ ಆಗ ಅದರಲ್ಲಿದ್ದ ನೀರಿನ ಶೇಕಡಾ ಪ್ರಮಾಣವೇ ಪ್ಲಾಸ್ಟಿಕ್ ಲಿಮಿಟ್. ಕೇಳುವವರಿಗೆ ಆಟ ಅನ್ನಿಸಬಹುದು. ಆದರೆ ಆ ಸಂಖ್ಯೆಯನ್ನು ಬೇರೆ ಪರೀಕ್ಷೆಗಳ ಜೊತೆ ಇಟ್ಟು ನೋಡಿದರೆ ಈ ಮಣ್ಣು ಎಷ್ಟು ಕಾಟ ಕೊಡಬಹುದು ಅಂತ ಅಂದಾಜು ಸಿಗುತ್ತದೆ. ಬಿರುಕು ಹೋಗುವ ಆಳಕ್ಕಿಂತ ಕೆಳಗೆ ಪಾಯ ಇಳಿಸಬೇಕೋ, ಎರೆ ತೆಗೆದು ಗರಸು ತುಂಬಬೇಕೋ, ಬುಡ ದಪ್ಪ ಮಾಡಿದ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಹಾಕಬೇಕೋ ಅನ್ನುವುದನ್ನು ಅಲ್ಲಿಂದ ಮುಂದೆ ಯೋಚಿಸುತ್ತೇವೆ.

ನೀರಿನದ್ದೇ ಮೂರು ನಾಲ್ಕು ಪಾಠ ಇವೆ. ಒಂದು ಹೆಕ್ಟೇರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1 ಲಕ್ಷ ಲೀಟರ್ ನೀರು. ಹೊಲವಾದರೆ ಒಂದಷ್ಟು ಇಂಗುತ್ತದೆ. ಅದೇ ಜಾಗ ಲೇಔಟ್ ಆಗಿ ಸಿಮೆಂಟ್ ಬಿದ್ದರೆ ಹೆಚ್ಚುಕಡಿಮೆ ಎಲ್ಲವೂ ಹರಿದು ಬರುತ್ತದೆ, ಹಳೇ ಗಟಾರಕ್ಕೆ ಅದನ್ನು ಹೊರುವ ತಾಕತ್ತು ಇರುವುದಿಲ್ಲ. 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ಈ ಲೆಕ್ಕ ಹೈಡ್ರಾಲಜಿ ಪುಸ್ತಕದಲ್ಲಿದೆ. ಕುಡಿಯುವ ನೀರಿನ ಪಾಠವೂ ಇದೆ. ಮುಂಡರಗಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ತೊಂದರೆ ನಮ್ಮ ಜಿಲ್ಲೆಯವರಿಗೆ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅಂತ ನಾನು ಕಲಿತದ್ದು ಸಿವಿಲ್ ಲ್ಯಾಬಿನಲ್ಲೇ.

ರಸ್ತೆ, ಸ್ಟೀಲ್ ಡಿಸೈನ್, ಎಸ್ಟಿಮೇಷನ್, ಭೂಗರ್ಭಶಾಸ್ತ್ರ ಇನ್ನೂ ಇವೆ. ಮೊದಲ ವರ್ಷ ಗಣಿತ, ಭೌತಶಾಸ್ತ್ರವೂ ಇರುತ್ತವೆ.

ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಸರ್ವೇ ಕ್ಯಾಂಪ್. ನಾವು ಓದುವಾಗ ಒಂದು ಹಳ್ಳಿಯ ಶಾಲೆಯಲ್ಲಿ ಎರಡು ವಾರ ಮಲಗಿ, ಹೊಸ ಕೆರೆ, ಹಳೇ ಕೆರೆ, ರಸ್ತೆ, ನೀರು ಸರಬರಾಜು ಅಂತ ನಾಲ್ಕು ಪ್ರಾಜೆಕ್ಟ್ ಮಾಡಿದ್ದೆವು. ಏರಿ ಎಲ್ಲಿ ಬರಬೇಕು, ಕೋಡಿ ಎಷ್ಟು ಎತ್ತರಕ್ಕೆ ಇಡಬೇಕು, ತೂಬು ಎಲ್ಲಿ, ಎಲ್ಲವನ್ನೂ ನೆಲದ ಎತ್ತರ ತಗ್ಗು ನೋಡುವ ಡಂಪಿ ಲೆವೆಲ್ ಮತ್ತು ಸ್ಟಾಫ್ (ಅಳತೆಗೋಲು) ಹಿಡಿದು ಬಿಸಿಲಲ್ಲಿ ಅಳೆದೆವು. ರೀಡಿಂಗ್ ಹೊಂದದಿದ್ದರೆ ಮತ್ತೆ ಮೊದಲಿಂದ. ಒಂದು ದಿನ ವಯಸ್ಸಾದ ರೈತರೊಬ್ಬರು ಬಂದು, "ಯಪ್ಪಾ, ನಮ್ಮ ಹೊಲ ಮುಳುಗತೈತೇನು?" ಅಂತ ಕೇಳಿದರು. ಇದು ಬರೀ ಕಾಗದದ ಕೆರೆ ಅಜ್ಜಾ ಅಂದೆವು. ಆದರೆ ರಾತ್ರಿ ಶೀಟಿನ ಮೇಲೆ ಕೆರೆಯ ನೀರು ನಿಲ್ಲುವ ಮಟ್ಟದ ಕಾಂಟೂರ್ ಗೆರೆ ಎಳೆಯುವಾಗ ಅದು ಅವರ ಹೊಲದ ಮಧ್ಯದಲ್ಲೇ ಹಾದುಹೋಯಿತು. ಆ ಗೆರೆ ನನಗೆ ಇನ್ನೂ ನೆನಪಿದೆ.

ಹೋದ ವರ್ಷ ನಮ್ಮ ಸೈಟಿಗೆ ಕೆಲಸ ಕೇಳಿಕೊಂಡು ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಮಾರ್ಕ್ಸ್, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಚೆನ್ನಾಗಿ ಬರುತ್ತದೆ. ಲೆವೆಲ್ ಸೆಟ್ ಮಾಡಲು ಕೊಟ್ಟರೆ ಕೈ ನಡುಗಿತು. "ಸರ್, ನಮ್ಮ ಕ್ಯಾಂಪ್ ಕಾಲೇಜ್ ಗ್ರೌಂಡಿನಾಗ ಮೂರು ದಿನಕ್ಕ ಮುಗೀತ್ರಿ. ಶೀಟ್ ಸೀನಿಯರ್ಸ್ ಕೊಟ್ರು," ಅಂದ. ಲ್ಯಾಬ್ ರೆಕಾರ್ಡೂ ಹಾಗೆಯೇ ನಕಲು ಮಾಡಿದ್ದಂತೆ. ಹುಡುಗನನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ನಾಲ್ಕು ವರ್ಷದ ಫೀಸು ತೆಗೆದುಕೊಂಡವರು ಅವನ ಕೈಗೆ ಉಪಕರಣ ಕೊಡಲೇ ಇಲ್ಲವಲ್ಲ, ಅದು ಮೋಸ ಅಲ್ವಾ? ಪುಸ್ತಕದಲ್ಲಿ ಕಲಿತ ಬೆಂಡಿಂಗ್ ಮೊಮೆಂಟನ್ನು ಮತ್ತೆ ಓದಿಕೊಳ್ಳಬಹುದು. ಮಣ್ಣು ಮುಟ್ಟದೆ, ಬಲ ಪರೀಕ್ಷೆಗೆ ಕಾಂಕ್ರೀಟಿನ ಕ್ಯೂಬ್ ಒಡೆದು ನೋಡದೆ ಪಾಸಾದವನು ಸ್ಲ್ಯಾಬ್ ಹಾಕುವ ದಿನ ಗೌಂಡಿ ಇನ್ನೊಂದು ಕೊಡ ನೀರು ಸುರಿದರೆ, ಬೇಡ, ಕಾಂಕ್ರೀಟಿನ ಬಲ ಕಡಿಮೆಯಾಗುತ್ತದೆ ಅನ್ನಲು ಧೈರ್ಯ ಎಲ್ಲಿಂದ ತರುತ್ತಾನೆ?

ಹಾಗಾಗಿ ಎರಡು ಮಾತು. ಪತ್ರಿಕೆಯವರು ಕಟಾಫ್ ಪಟ್ಟಿಯ ಜೊತೆಗೆ ಒಂದೊಂದು ಬ್ರಾಂಚಿನಲ್ಲೂ ಏನು ಕಲಿಸುತ್ತಾರೆ ಅಂತ ದಯವಿಟ್ಟು ಬರೆಸಿ. ತಂದೆತಾಯಿಗಳು ಕಾಲೇಜು ನೋಡಲು ಹೋದಾಗ ಕಟ್ಟಡ, ಕ್ಯಾಂಟೀನ್ ನೋಡಿ ವಾಪಸ್ ಬರಬೇಡಿ. ಸರ್ವೇ ಕ್ಯಾಂಪಿಗೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ, ಎಷ್ಟು ದಿನ, ಒಂದು ಉಪಕರಣಕ್ಕೆ ಎಷ್ಟು ಮಕ್ಕಳು ಅಂತ ಕೇಳಿ. ಕಾಂಕ್ರೀಟ್ ಲ್ಯಾಬಿನ ಬಾಗಿಲು ತೆಗೆಸಿ ನೋಡಿ, ನೀರಿನ ತೊಟ್ಟಿಯಲ್ಲಿ ದಿನಾಂಕ ಬರೆದ ಕ್ಯೂಬ್‌ಗಳು ಇವೆಯಾ, ತೊಟ್ಟಿ ಒಣಗಿದೆಯಾ. ಅಕ್ಕ ಮತ್ತು ನಾನು ಈ ವಾರ ಅದೇ ಕೆಲಸಕ್ಕೆ ಹೊರಟಿದ್ದೇವೆ.

ಇಂತಿ,
ಒಬ್ಬ ಸೈಟ್ ಎಂಜಿನಿಯರ್, ಗದಗ