ಮುಟ್ಟು ನಿಲ್ಲುವಾಗ ಅಳೆಯಬೇಕಾದ್ದು ಬೇರೆಯೇ ಇದೆ

ಮಾನ್ಯರೇ,

ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳ ಬಗ್ಗೆ ಪತ್ರಿಕೆಗಳು ಈಗ ಸಂಕೋಚವಿಲ್ಲದೆ ಬರೆಯುತ್ತಿವೆ. ಒಳ್ಳೆಯದೇ. ಆದರೆ ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಷಿಯಾದ ಪ್ರಸ್ತಾಪ ಬಂದರೆ ಸಾಕು, ಮಾತೆಲ್ಲ ಹಾರ್ಮೋನ್ ಮಾತ್ರೆಯ ಸುತ್ತ ಗಿರಕಿ ಹೊಡೆಯುತ್ತದೆ. ನುಂಗಿದರೆ ಮಿದುಳು ಉಳಿಯುತ್ತದೆ ಎಂದು ಕೆಲವರು, ಹಾಳಾಗುತ್ತದೆ ಎಂದು ಇನ್ನು ಕೆಲವರು. ಅದೇ ವರ್ಷಗಳಲ್ಲಿ ಸದ್ದಿಲ್ಲದೆ ಏರುವ ರಕ್ತದೊತ್ತಡ, ಕೊಬ್ಬು, ಸಕ್ಕರೆಯನ್ನು ಅಳೆದು ನೋಡುವ ವಿಚಾರ ಈ ಜಗಳದಲ್ಲಿ ಮೂಲೆಗೆ ಬಿದ್ದಿದೆ. ನಮ್ಮ ತಕರಾರು ಅದರ ಬಗ್ಗೆ.

ಮೊದಲು ಒಂದು ಹೆದರಿಕೆ ಕಳೆಯಬೇಕು. ನಲವತ್ತೈದು ದಾಟಿದ ಮೇಲೆ ಹೆಸರು ಬಾಯಿಗೆ ಬಾರದಿರುವುದು, ಕೋಣೆಗೆ ಬಂದು ಯಾಕೆ ಬಂದೆವೆಂದು ನಿಂತುಬಿಡುವುದು ಸಾಮಾನ್ಯವಾಗಿ ಡಿಮೆನ್ಷಿಯಾದ ಆರಂಭವಲ್ಲ. ಅಮೆರಿಕದ ‘ಸ್ವಾನ್’ ಅಧ್ಯಯನ 1996ರಿಂದ ಸಾವಿರಾರು ಮಹಿಳೆಯರನ್ನು ಈ ಸಂಧಿಕಾಲದ ಉದ್ದಕ್ಕೂ ಗಮನಿಸುತ್ತ ಬಂದಿದೆ. ಹೊಸದನ್ನು ಕಲಿಯುವ ಚುರುಕು ಆ ಹೊತ್ತಿನಲ್ಲಿ ತುಸು ಕುಂದಿ, ಮುಟ್ಟು ಪೂರ್ತಿ ನಿಂತ ಮೇಲೆ ಮರಳಿದ್ದು ಅಲ್ಲಿ ಕಂಡಿತು. ಈ ವಯಸ್ಸಿನಲ್ಲಿ ಮೈ ಬಿಸಿಯೇರಿ ಬರುವ ಬೆವರಿನಿಂದ ಕೆಡುವ ನಿದ್ದೆ, ಥೈರಾಯ್ಡ್ ಏರುಪೇರು, ಖಿನ್ನತೆ, ಬಿ12 ಕೊರತೆಯೂ ಇದೇ ಬಗೆಯ ಮರೆವು ತರುತ್ತವೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಬಿ12 ಇಳಿಯುವುದು ಅಪರೂಪವೇನಲ್ಲ. ಗೊತ್ತಿರುವ ದಾರಿಯೇ ತಪ್ಪುವುದು, ದಿನದ ಲೆಕ್ಕಪತ್ರ ಕೈಹತ್ತದಿರುವುದು ಬೇರೆ ಮಾತು. ಅಂಥವರು ನರರೋಗ ತಜ್ಞರನ್ನು ಕಾಣಬೇಕು.

ಹೆಚ್ಚು ಗಮನ ಬೇಡುವ ಬದಲಾವಣೆ ನಡೆಯುತ್ತಿರುವುದು ರಕ್ತದಲ್ಲಿ, ಹೊಟ್ಟೆಯೊಳಗೆ. ಅಂಡಾಶಯ ಸುರಿಸುವ ಈಸ್ಟ್ರೋಜನ್ ಹಾರ್ಮೋನ್ ಇಳಿದಂತೆ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಹೆಕ್ಕಿ ತೆಗೆಯುವುದು ಕಡಿಮೆಯಾಗುತ್ತದೆ. ಕೊನೆಯ ಮುಟ್ಟಿನ ಆಸುಪಾಸಿನ ಒಂದು ವರ್ಷದಲ್ಲೇ ಅದು ಥಟ್ಟನೆ ಏರುವುದನ್ನು ಸ್ವಾನ್ ದಾಖಲಿಸಿದೆ. ತೊಡೆ, ನಿತಂಬಗಳಲ್ಲಿ ಕೂಡುತ್ತಿದ್ದ ಕೊಬ್ಬು ಕರುಳಿನ ಸುತ್ತ ಕೂಡತೊಡಗುತ್ತದೆ, ಇನ್ಸುಲಿನ್ ಮಾತಿಗೆ ದೇಹ ಕಿವಿಗೊಡುವುದು ತಗ್ಗುತ್ತದೆ. ಜೊತೆಗೇ ಸ್ನಾಯು ಕರಗುವುದರಿಂದ ತೂಕದ ಯಂತ್ರ ಹಳೆಯ ಅಂಕಿಯನ್ನೇ ತೋರಿಸಿ ಮೋಸ ಮಾಡಬಹುದು. ಹಾಗಾಗಿ ಟೇಪು ಹಿಡಿಯಬೇಕು: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆದದ್ದು 80 ಸೆಂ.ಮೀ. ಮೀರಿದರೆ ಮಹಿಳೆಯರಿಗೆ ಅದು ಎಚ್ಚರಿಕೆ.

ಇದಕ್ಕೂ ಮಿದುಳಿಗೂ ಏನು ನಂಟು? ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ ಬದಲಿಸಬಹುದಾದ 14 ಕಾರಣಗಳನ್ನು ಗುರುತಿಸಿದೆ. ಅಷ್ಟನ್ನೂ ನಿವಾರಿಸಿದರೆ ಡಿಮೆನ್ಷಿಯಾದ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಎಲ್‌ಡಿಎಲ್, ಮೈ ದಣಿಸದಿರುವುದು ಎಲ್ಲವೂ ಅದರಲ್ಲಿ ನಡುವಯಸ್ಸಿನ ಸಾಲಿನಲ್ಲಿವೆ. ನಡುವಯಸ್ಸು ಎಂದು ಒತ್ತಿ ಹೇಳಲು ಕಾರಣವಿದೆ. ಬ್ರಿಟನ್ನಿನ ‘ವೈಟ್‌ಹಾಲ್’ ಅಧ್ಯಯನದಲ್ಲಿ 50ನೇ ವಯಸ್ಸಿನಲ್ಲಿ ರಕ್ತದೊತ್ತಡದ ಮೇಲಿನ ಅಂಕಿ 130 ಅಥವಾ ಹೆಚ್ಚು ಇದ್ದವರಿಗೆ ಮುಂದೆ ಡಿಮೆನ್ಷಿಯಾ ಅಪಾಯ ಹೆಚ್ಚಿತ್ತು. 60, 70ರಲ್ಲಿ ಅಳೆದಾಗ ಆ ನಂಟು ಕಾಣಲಿಲ್ಲ. ಕಾಯಿಲೆ ಹೊರಗೆ ಕಾಣುವ ವರ್ಷಗಳ ಮುಂಚೆಯೇ ತೂಕ, ಒತ್ತಡ ಎರಡೂ ಇಳಿಯತೊಡಗುವುದುಂಟು. ತಡವಾಗಿ ಅಳೆದರೆ ಎಲ್ಲ ಸರಿಯಿದ್ದಂತೆಯೇ ತೋರುತ್ತದೆ.

ಬಿ.ಪಿ. ನೋಡುವ ರೀತಿಯಲ್ಲೇ ಎಷ್ಟೋ ಸಲ ಎಡವಟ್ಟಾಗುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ, ತೋಳು ಜೋತುಬಿದ್ದಿದ್ದರೆ, ಮಾತಾಡುತ್ತಿದ್ದರೆ, ಮೂತ್ರ ಕಟ್ಟಿಕೊಂಡು ಕುಳಿತಿದ್ದರೆ ಅಂಕಿ ಸುಳ್ಳೇ ಏರುತ್ತದೆ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ ಇಟ್ಟು ಐದು ನಿಮಿಷ ಸುಮ್ಮನಿದ್ದು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಮನೆಯಲ್ಲಾದರೆ ಬೆಳಿಗ್ಗೆ, ಸಂಜೆ ಹೀಗೆ ಏಳು ದಿನ ಬರೆದು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಬೇಕು. ಅದು 135/85 ಮುಟ್ಟಿದರೆ ವೈದ್ಯರ ಬಳಿ ಹೋಗಬೇಕು. ಒತ್ತಡ ಇಳಿಸಿದರೆ ಲಾಭವಿದೆಯೇ? ‘ಸ್ಪ್ರಿಂಟ್ ಮೈಂಡ್’ ಪ್ರಯೋಗದ 2019ರ ವರದಿಯಂತೆ, ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗೆ ತರುವ ಚಿಕಿತ್ಸೆಯಲ್ಲಿ ಅರಿವಿನ ಸೌಮ್ಯ ಕುಸಿತ, ಅಂದರೆ ಡಿಮೆನ್ಷಿಯಾದಷ್ಟು ತೀವ್ರವಲ್ಲದ ಮರೆವು, ಶೇ 19ರಷ್ಟು ಕಡಿಮೆಯಾಯಿತು. ಡಿಮೆನ್ಷಿಯಾದಲ್ಲಿ ಕಂಡ ಇಳಿಕೆ ಮಾತ್ರ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಖಚಿತವಾಗಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಚಾರ ಮಾಡುವುದು ತಪ್ಪು.

ಸಕ್ಕರೆ ಪರೀಕ್ಷೆಯಲ್ಲಿ ಈ ವಯಸ್ಸಿಗೇ ಅಂಟಿದ ಒಂದು ತೊಡಕಿದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇ 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮತ್ತು ಮೇಲಿದ್ದರೆ ಕಾಯಿಲೆ. ಆದರೆ ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅತಿಯಾಗಿ ರಕ್ತ ಹೋಗುವುದು ಸಾಮಾನ್ಯ. ಕಬ್ಬಿಣದ ಕೊರತೆಯಾದರೆ ಈ ಅಂಕಿ ಇಲ್ಲದ ಸಕ್ಕರೆಯನ್ನು ತೋರಿಸಬಹುದು. ರಕ್ತ ಆಗಷ್ಟೇ ಬಹಳ ಹೋಗಿದ್ದರೆ ಇದ್ದದ್ದನ್ನು ಮರೆಮಾಚಬಹುದು. ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ನೋಡದೆ ಎಚ್‌ಬಿಎ1ಸಿ ಒಂದನ್ನೇ ನಂಬಬಾರದು. ಅನುಮಾನವಿದ್ದರೆ ಖಾಲಿ ಹೊಟ್ಟೆಯ ಸಕ್ಕರೆ, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರದ ಸಕ್ಕರೆ ನೋಡುವುದು ವಾಸಿ.

ಇನ್ನು ಹಾರ್ಮೋನ್. 65 ದಾಟಿದವರಿಗೆ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಹಾರ್ಮೋನ್ ಎರಡನ್ನೂ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಡಿಮೆನ್ಷಿಯಾ ಸುಮಾರು ಇಮ್ಮಡಿಯಾಯಿತೆಂದು 2003ರಲ್ಲಿ ವರದಿಯಾಯಿತು. ಮುಟ್ಟು ನಿಂತು ಹೆಚ್ಚು ದಿನವಾಗದವರಿಗೆ ಕೊಟ್ಟ ‘ಕೀಪ್ಸ್’ ಪ್ರಯೋಗದಲ್ಲಿ ನಾಲ್ಕು ವರ್ಷದ ಬಳಿಕ ಅರಿವಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೈ ಬಿಸಿಯೇರಿ ಬೆವರುವುದು ಬದುಕನ್ನೇ ಹೈರಾಣಾಗಿಸಿದ್ದರೆ, 60ರ ಒಳಗಿನವರು ತಜ್ಞರ ಸಲಹೆಯಂತೆ ಹಾರ್ಮೋನನ್ನು ಧೈರ್ಯವಾಗಿ ಬಳಸಬಹುದು. ಮರೆವು ತಡೆಯಲೆಂದು ಬೇಡ. 45ಕ್ಕೆ ಮುಂಚೆ ಎರಡೂ ಅಂಡಾಶಯ ತೆಗೆಸಿಕೊಂಡವರ ಲೆಕ್ಕ ಬೇರೆ. ಅವರಲ್ಲಿ ಮುಂದೆ ಅರಿವಿನ ಕುಸಿತ ಹೆಚ್ಚೆಂದು ಕಂಡಿದೆ. ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡುವುದು ರೂಢಿ. ಶಸ್ತ್ರಚಿಕಿತ್ಸೆಯ ದಿನವೇ ಈ ಮಾತು ಆಗಬೇಕು.

ಔಷಧದ ಬಗ್ಗೆ ಇನ್ನೊಂದು ಮಾತು. ಮೂತ್ರದ ಅವಸರಕ್ಕೂ ಕೆಲವೊಮ್ಮೆ ಬೆವರಿಗೂ ಬರೆದುಕೊಡುವ ಆಕ್ಸಿಬ್ಯುಟಿನಿನ್, ನಿದ್ದೆಗೆಂದು ನುಂಗುವ ಹಳೆಯ ಅಲರ್ಜಿ ಮಾತ್ರೆಗಳು ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ಮಿದುಳಿನ ರಾಸಾಯನಿಕಕ್ಕೇ ಅಡ್ಡಗಾಲು ಹಾಕುತ್ತವೆ. ಮರೆವೆಂದು ಬಂದವರ ಮಾತ್ರೆ ಚೀಟಿಯನ್ನು ಮೊದಲು ಓದಬೇಕು.

ಊಟವಾದ ಮೇಲೆ ರಕ್ತದ ಸಕ್ಕರೆಯ ದೊಡ್ಡ ಪಾಲು ಹೋಗುವುದು ಸ್ನಾಯುವಿಗೆ. ಆದ್ದರಿಂದ ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಸಾಲದು, ಎರಡು ದಿನ ಭಾರ ಎತ್ತುವ ವ್ಯಾಯಾಮವೂ ಬೇಕು.

ಸ್ತ್ರೀರೋಗ ವಿಭಾಗಗಳಿಗೆ ನಮ್ಮ ಕೋರಿಕೆ ಇದು. ಮುಟ್ಟಿನ ಏರುಪೇರು ಹೇಳಿಕೊಂಡು ಬಂದವರ ಚೀಟಿಯಲ್ಲಿ ಸೊಂಟದ ಸುತ್ತಳತೆ, ಬಿ.ಪಿ., ಎಲ್‌ಡಿಎಲ್, ಸಕ್ಕರೆ ನಾಲ್ಕನ್ನೂ ಬರೆಯಿರಿ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ನೋಡಿ. ಬಸುರಿಯಾಗಿದ್ದಾಗ ಬಿ.ಪಿ. ಅಥವಾ ಸಕ್ಕರೆ ಏರಿತ್ತೇ ಎಂದೂ ಕೇಳಿ, ಹಾಗೆ ಏರಿದ್ದವರಿಗೆ ನಡುವಯಸ್ಸಿನಲ್ಲಿ ಅವು ಮರಳುವ ಸಾಧ್ಯತೆ ಹೆಚ್ಚು. ಇಪ್ಪತ್ತು ವರ್ಷ ಹಿಂದಿನ ಆ ಏರಿಕೆ ಹೆರಿಗೆಯ ಜೊತೆಗೇ ಮುಗಿಯಿತೆಂದು ಅವರೂ ಮರೆತಿರುತ್ತಾರೆ, ಕೇಳುವವರೂ ಮರೆತಿರುತ್ತಾರೆ.