ಔಷಧ ಯಾವ ಹಂತದಲ್ಲಿದೆ, ಅದನ್ನೂ ಬರೆಯಿರಿ

ಕ್ಯಾನ್ಸರ್ ಹರಡುವುದನ್ನು ತಡೆಯಲು ಎಕ್ಸೋಸೋಮ್ ಎಂಬ ಪುಟ್ಟ ಚೀಲಗಳಲ್ಲಿ ಆರ್‌ಎನ್‌ಎ ಔಷಧ ತುಂಬಿ ಕಳಿಸುವ ಸಂಶೋಧನೆಯ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದಿನ್ನೂ ಪ್ರಯೋಗದ ಹಂತದಲ್ಲಿದೆ ಎಂಬುದು ವರದಿಯಲ್ಲಿ ಎದ್ದು ಕಾಣಬೇಕಿತ್ತು. ಬರೀ ಆರ್‌ಎನ್‌ಎ ರಕ್ತಕ್ಕೆ ಸೇರಿದರೆ ಕಿಣ್ವಗಳು ಬೇಗನೆ ಚೂರು ಮಾಡುತ್ತವೆ. ನಮ್ಮ ಜೀವಕೋಶಗಳೇ ಹೊರಬಿಡುವ, 30ರಿಂದ 150 ನ್ಯಾನೊಮೀಟರ್ ಗಾತ್ರದ ಈ ಪುಟ್ಟ ಚೀಲಗಳು ಅದನ್ನು ಕಾಪಾಡುತ್ತವೆ. ಉಪಾಯ ಚೆನ್ನಾಗಿದೆ, ಅಲ್ವಾ? ಆದರೆ ಒಂದೇ ಗುಣಮಟ್ಟದ ಚೀಲಗಳನ್ನು ಜಾಸ್ತಿ ಪ್ರಮಾಣದಲ್ಲಿ ತಯಾರಿಸುವುದು ಕಷ್ಟ. ರಕ್ತಕ್ಕೆ ಬಿಟ್ಟ ಮೇಲೆ ಬಹುಪಾಲು ಯಕೃತ್ತಿಗೇ ಹೋಗಿ ಸೇರುತ್ತವೆ.

ಇಂಥ ಸುದ್ದಿ ಓದಿದ ದಾವಣಗೆರೆಯ ರೋಗಿಗಳ ಮನೆಯವರು ಸುಮ್ನೆ ಬೆಂಗಳೂರಿಗೆ ಓಡುವಂತಾಗಬಾರದು. ಪ್ರಯೋಗ ನಡೆದದ್ದು ಇಲಿಗಳ ಮೇಲೋ, ಮನುಷ್ಯರ ಮೇಲೋ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನಮ್ಮ ದೇಶದಲ್ಲಿ ಮನುಷ್ಯರ ಮೇಲೆ ನಡೆಯುತ್ತಿದ್ದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆಯನ್ನೂ ಕೊಡಿ.

— ಒಬ್ಬ ಓದುಗ, ದಾವಣಗೆರೆ