ಕಂಕುಳಿನ ಕಡ್ಡಿ

ಉಡುಪಿ
ಆಟಿ ಅಮಾವಾಸ್ಯೆಯ ಮರುದಿನ

ಚಿ. ಸೌ. ಮಾಲತಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಸೇರಿತು. ನಾಲ್ಕು ಪುಟ. ಮಡಿಕೇರಿಯ ಮಳೆ, ಒಣಗದ ಬಟ್ಟೆ, ಮಗಳ ಪರೀಕ್ಷೆ, ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿ ಮುಗಿದ ಮೇಲೆ ಹತ್ತು ನಿಮಿಷ ಸಿಕ್ಕಿದರೆ ಕಿಟಕಿಯ ಬಳಿ ಕುಳಿತು ಎರಡು ಸಾಲು ಹೆಣೆಯುವುದು, ಸಂಜೆ ಭರತನಾಟ್ಯದ ತರಗತಿಯ ಹೊರಗೆ ಬೆಂಚಿನ ಮೇಲೆ ಇನ್ನು ನಾಲ್ಕು ಸಾಲು. ಓದುತ್ತಾ ಓದುತ್ತಾ ನಿನ್ನ ಅಮ್ಮನೇ ಎದುರು ಬಂದು ಕುಳಿತ ಹಾಗಾಯಿತು. ಆಮೇಲೆ ಮೂರನೆಯ ಪುಟದ ಅಡಿಯಲ್ಲಿ, ಉಲ್ಲನ್ನಿನ ದರ ಏರಿದ ಸುದ್ದಿಯ ಜೊತೆಗೇ, ಇದನ್ನು ಬರೆದಿದ್ದೀಯೆ: "ಆಫೀಸಿನಲ್ಲಿ ಸ್ತನ ತಪಾಸಣೆಗೆ ಹೆಸರು ಕೇಳಿದರು, ನಾನು ಕೊಡಲಿಲ್ಲ ದೊಡ್ಡಮ್ಮ. ಗೊತ್ತಾಗದೇ ಇರುವುದೇ ಒಳ್ಳೆಯದಲ್ಲವೇ? ಅಮ್ಮ ಆಸ್ಪತ್ರೆಗೆ ಹೋಗುವವರೆಗೆ ಚೆನ್ನಾಗಿಯೇ ಇದ್ದಳಲ್ಲ." ಅದರ ಮುಂದೆಯೇ ಕುಲಾವಿಗೆ ಎಷ್ಟು ಕುಣಿಕೆ ಹಾಕಬೇಕೆಂದು ಕೇಳಿದ್ದೀಯೆ.

ಮೂರು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ಫೋನ್ ಮಾಡೋಣವೆಂದು ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ಫೋನಿನಲ್ಲಿ ಮಾತು ಮಕ್ಕಳ ಕಡೆಗೆ, ಮಳೆಯ ಕಡೆಗೆ ಜಾರಿಹೋಗುತ್ತದೆ. ಜಾರಲು ಬಿಡುವವಳೂ ನಾನೇ. ಅದಕ್ಕೇ ಕಾಗದ.

ಅಷ್ಟಮಿಗೆ ಹೇಗೂ ಬರುತ್ತೀಯಲ್ಲ, ಆಗ ಇಬ್ಬರೂ ಮಣಿಪಾಲಕ್ಕೆ ಹೋಗಿ ತೋರಿಸಿಕೊಂಡು ಬರೋಣ. ಇಷ್ಟನ್ನೇ ಬರೆದು ಮುಗಿಸಬಹುದಿತ್ತು. ಆದರೆ ಗೊತ್ತಾಗದಿರುವುದೇ ಒಳ್ಳೆಯದು ಎಂಬ ಮಾತನ್ನು ಉತ್ತರ ಹೇಳದೆ ಬಿಟ್ಟರೆ ನೀನು ಅಷ್ಟಮಿಗೆ ಬಂದು ಚಕ್ಕುಲಿ ತಿಂದು ಹಾಗೆಯೇ ಹಿಂದಿರುಗುತ್ತೀಯೆ ಎಂದು ನನಗೆ ಗೊತ್ತು.

ನಿನ್ನೆ ಹಾಲೆ ಮರದ ಕಷಾಯ ಕುಡಿದೆವು. ಬೆಳಕು ಹರಿಯುವ ಮೊದಲೇ ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದ ತೊಗಟೆ, ಓಮ, ಬೆಳ್ಳುಳ್ಳಿ, ಕರಿಮೆಣಸು. ಬರಿ ಹೊಟ್ಟೆಯಲ್ಲಿ ಒಂದು ಲೋಟ, ಆ ಕಹಿ ಇಳಿಯಲು ಆಮೇಲೆ ಮೆಂತೆ ಗಂಜಿ. ಮನೆಯಲ್ಲಿ ಯಾರಿಗೂ ಜ್ವರವಿರಲಿಲ್ಲ, ಕೆಮ್ಮೂ ಇರಲಿಲ್ಲ. ಮೈಯಲ್ಲಿ ಏನೂ ಇಲ್ಲದಾಗ ಇದನ್ನು ಏಕೆ ಕುಡಿಯಬೇಕೆಂದು ಒಬ್ಬರೂ ಕೇಳಲಿಲ್ಲ. ನೀನೂ ಇಲ್ಲಿದ್ದಾಗ ಮೂಗು ಹಿಡಿದುಕೊಂಡು ಕುಡಿಯುತ್ತಿದ್ದೆ. ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಕಷಾಯವನ್ನು ರೋಗ ಬಾರದಿರಲಿ ಎಂದು ಕುಡಿಯುವುದು. ತಪಾಸಣೆ ರೋಗವನ್ನು ತಡೆಯುವುದಿಲ್ಲ, ಬಂದಿದ್ದರೆ ಬೇಗ ತೋರಿಸುತ್ತದೆ. ಆದರೆ ಏನೂ ಇಲ್ಲದಾಗಲೇ ಮಾಡಬೇಕಾದ ಕೆಲಸಗಳು ಕೆಲವು ಇವೆ ಎಂಬುದು ನಮ್ಮ ಮನೆಗೆ ಹೊಸದಲ್ಲ.

ನಿನ್ನ ಮಾತಿನ ಮೊದಲ ಅರ್ಧಕ್ಕೆ ಹೀಗೆ ಏನಾದರೂ ಹೇಳಬಲ್ಲೆ. "ಅಮ್ಮ ಚೆನ್ನಾಗಿಯೇ ಇದ್ದಳಲ್ಲ" ಎಂದಿದ್ದೀಯಲ್ಲ, ಅದಕ್ಕೆ ಉತ್ತರ ಹೇಳುವುದು ಕಷ್ಟ. ಮೂವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ.

ನಿನ್ನ ಅಮ್ಮನಿಗೆ ಹೆಣಿಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರ್. ಅವರು ಕಲಿಸಿದ ರೀತಿ ನೀನು ನೋಡಿದ್ದೀಯೆ: ಬಲಗೈಯ ಕಡ್ಡಿಯ ಹಿಂತುದಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುವುದು. ಕಡ್ಡಿ ನೆಟ್ಟ ಕಂಬದ ಹಾಗೆ ನಿಲ್ಲುತ್ತಿತ್ತು, ತೋರುಬೆರಳೊಂದು ನೂಲನ್ನು ಎತ್ತಿ ಹಾಕಿ ಎತ್ತಿ ಹಾಕಿ ಓಡುತ್ತಿತ್ತು. ಮಧ್ಯಾಹ್ನ ಗಂಜಿಯ ಪಾತ್ರೆ ತೊಳೆದಿಟ್ಟು ಜಗಲಿಯಲ್ಲಿ ಕುಳಿತರೆ ನೀವು ಶಾಲೆಯಿಂದ ಬರುವುದರೊಳಗೆ ಒಂದು ಗೇಣು ಬೆಳೆದಿರುತ್ತಿತ್ತು. ನಮ್ಮ ಊರಿನ ಸೆಕೆಗೆ ಸ್ವೆಟರ್ ಯಾರಿಗೆ ಬೇಕು ಎಂದು ನೆರೆಯವರು ನಗುತ್ತಿದ್ದರು. ಆದರೆ ಮಳೆಗಾಲದಲ್ಲಿ ಹುಟ್ಟಿದ ಮಗುವಿರುವ ಯಾವ ಮನೆಗೂ ಅವಳು ಕುಲಾವಿಯಿಲ್ಲದೆ ಹೋದದ್ದಿಲ್ಲ.

1995ರ ಆಟಿ ತಿಂಗಳು. ಬ್ಯಾಂಕಿಗೆ ರಜೆಯಿತ್ತು, ನಿಮ್ಮ ಮನೆಗೆ ಬಂದಿದ್ದೆ. ಅವಳು ಕೆಂಪು ಕಂದು ಬಣ್ಣದ ನೂಲಿನಲ್ಲಿ ನಿನ್ನ ಸ್ವೆಟರಿನ ತೋಳು ಹೆಣೆಯುತ್ತಿದ್ದಳು. ಕಡ್ಡಿ ಕಂಕುಳಲ್ಲಿರಲಿಲ್ಲ. ತೊಡೆಯ ಮೇಲೆ ಊರಿಕೊಂಡಿದ್ದಳು. ಅದು ಪದೇ ಪದೇ ಜಾರುತ್ತಿತ್ತು, ಅವಳು ಮತ್ತೆ ಊರಿಕೊಳ್ಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳ ಕೈಯ ಸಾಲು ಸಡಿಲವಾದದ್ದನ್ನು ನಾನು ಕಂಡದ್ದು ಅಂದೇ. "ಇದೇನು ಹೀಗೆ ಹಿಡಿದಿದ್ದೀಯೆ?" ಎಂದೆ. "ಸೆಕೆ ಅಕ್ಕ" ಎಂದಳು.

ಹೊರಗೆ ಆಟಿಯ ಮಳೆ ಸುರಿಯುತ್ತಿತ್ತು, ಮಾಲತಿ. ಸೆಕೆ ಎಲ್ಲಿಂದ ಬರಬೇಕು?

ಸಂಜೆಯ ಲೆಕ್ಕದಲ್ಲಿ ಹದಿನೈದು ಪೈಸೆ ಹೊಂದದಿದ್ದರೆ ಒಂದೊಂದೇ ಲೆಡ್ಜರ್ ಬಿಡಿಸಿ ರಾತ್ರಿ ಎಂಟರವರೆಗೆ ಕೂರುತ್ತಿದ್ದವಳು ನಾನು. ಆ ಒಂದು ಉತ್ತರ ಹೊಂದಲಿಲ್ಲ ಎಂಬುದು ಆ ಕ್ಷಣಕ್ಕೇ ತಿಳಿದಿತ್ತು. ಮತ್ತೆ ಕೇಳಲಿಲ್ಲ. ಚಹಾ ಕುಡಿದು ಮನೆಗೆ ಹೊರಟೆ.

ದೀಪಾವಳಿಯ ಹೊತ್ತಿಗೆ ಅವಳೇ ನನ್ನನ್ನು ಬಚ್ಚಲಿಗೆ ಕರೆದು, ಬಾಗಿಲು ಹಾಕಿ, ನನ್ನ ಬೆರಳು ಹಿಡಿದು ಅಲ್ಲಿ ಇಟ್ಟಳು. ಬಲಸ್ತನದ ಮೇಲ್ಬದಿ, ಕಂಕುಳಿಗೆ ತಾಗಿ. ಒಣ ಅಡಿಕೆಯ ಹಾಗೆ ಗಟ್ಟಿ. ಕಡ್ಡಿ ಒತ್ತಿದರೆ ಏನೋ ಅಡ್ಡ ಸಿಕ್ಕ ಹಾಗಾಗುತ್ತದೆ, ನೋವಂತೂ ಇಲ್ಲ ಎಂದಳು. "ನೋವಿಲ್ಲವಲ್ಲ, ಏನೂ ಇರಲಿಕ್ಕಿಲ್ಲ" ಎಂದೆ. ಆ ಮಾತು ಆಡಿದ್ದು ನಾನು, ಬೇರೆ ಯಾರೂ ಅಲ್ಲ. ಇಂಥ ಗಂಟು ಬಹಳ ಸಲ ನೋವೇ ಕೊಡುವುದಿಲ್ಲ ಎಂದು ನನಗೆ ಆಗ ತಿಳಿದಿರಲಿಲ್ಲ. ತಿಳಿದವರನ್ನು ಕೇಳಬಹುದಿತ್ತು. "ಕೃಷ್ಣ ಮಠದ ಪರ್ಯಾಯದ ಹಬ್ಬ ಮುಗಿಯಲಿ ಅಕ್ಕ, ಮನೆ ತುಂಬ ನೆಂಟರು ಬರುತ್ತಾರೆ, ಈಗ ಯಾರಿಗೂ ಹೇಳಬೇಡ" ಎಂದಳು. ನಾನು ಹೇಳಲಿಲ್ಲ. 1996ರ ಜನವರಿ 18ಕ್ಕೆ ಪರ್ಯಾಯ. ಆ ದಿನ ಅವಳು ರಥಬೀದಿಯಲ್ಲಿ ನಿನ್ನ ಕೈ ಹಿಡಿದುಕೊಂಡು ರಾತ್ರಿಯೆಲ್ಲ ನಿಂತಿದ್ದಳು. ಆಸ್ಪತ್ರೆಗೆ ಹೋದದ್ದು ಫೆಬ್ರವರಿಯಲ್ಲಿ. ಆಮೇಲಿನದು ನಿನಗೆ ಗೊತ್ತಿದೆ.

ಹನ್ನೆರಡು ವರ್ಷದ ಮಗುವಿನ ಕಣ್ಣಿಗೆ ಅಮ್ಮ ಚೆನ್ನಾಗಿದ್ದಳು, ಆಸ್ಪತ್ರೆಗೆ ಹೋದಳು, ಆಮೇಲೆ ಹಾಸಿಗೆ ಹಿಡಿದಳು. ನೀನು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ಸೂಜಿ ಚುಚ್ಚಿ ಪರೀಕ್ಷೆ ಮಾಡಿದ್ದರಿಂದಲೇ ಹರಡಿತು ಎಂದು ಮನೆಯ ಹಿರಿಯರೂ ನಿನ್ನ ಕಿವಿಗೆ ಬೀಳುವಂತೆ ಮಾತಾಡಿಕೊಂಡರು. ಸೂಜಿ ಪರೀಕ್ಷೆಯಿಂದ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು. ಅದು ಏನೆಂದು ಖಚಿತವಾಗಿ ತಿಳಿಯಬೇಕಾದರೆ ಆ ಪರೀಕ್ಷೆ ಬೇಕೇ ಬೇಕು. ಅವಳು ಚೆನ್ನಾಗಿರಲಿಲ್ಲ, ಮಗಳೇ. ಏಳು ತಿಂಗಳು ಅದನ್ನು ಸೆರಗಿನಡಿಯಲ್ಲಿಟ್ಟುಕೊಂಡು ಅಡುಗೆ ಮಾಡಿದಳು, ನಿನಗೆ ಜಡೆ ಹಾಕಿದಳು. ಗೊತ್ತಾದದ್ದರಿಂದ ಅವಳು ತೀರಿಕೊಂಡದ್ದಲ್ಲ. ಗೊತ್ತಿದ್ದೂ ನಾವಿಬ್ಬರು ಬಾಯಿ ಮುಚ್ಚಿಕೊಂಡಿದ್ದೆವು.

ಬೇಗ ಹೋಗಿದ್ದರೆ ಉಳಿಯುತ್ತಿದ್ದಳೇ? ಹಾಗೆ ಆಣೆ ಮಾಡಿ ಹೇಳಲಾರೆ. ಆ ಏಳು ತಿಂಗಳನ್ನು ಮಾತ್ರ ಅವಳಿಂದ ಕಿತ್ತುಕೊಳ್ಳಬಾರದಿತ್ತು.

ಇಷ್ಟಾದ ಮೇಲೂ ನಾನೇನು ಮಾಡಿದೆ ಗೊತ್ತೇ? ಒಡಹುಟ್ಟಿದವಳಿಗೆ ಬಂದಿತ್ತು, ನಾನು ಮೊದಲು ಓಡಬೇಕಿತ್ತು. ಹತ್ತು ವರ್ಷ ಹೋಗಲಿಲ್ಲ. ನೀನು ಬರೆದ ಮಾತನ್ನೇ ನಾನೂ ನನಗೆ ಹೇಳಿಕೊಳ್ಳುತ್ತಿದ್ದೆ. 2006ರಲ್ಲಿ, 55 ವರ್ಷ ತುಂಬಿದ ಮೇಲೆ ಮೊದಲ ಸಲ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿಕೊಂಡೆ. ಮಿಂದು ಪೌಡರ್ ಹಾಕಿಕೊಂಡು ಹೋಗಿದ್ದೆ. ಒಳಗಿದ್ದ ಹುಡುಗಿ ಒದ್ದೆ ಬಟ್ಟೆ ಕೊಟ್ಟು, "ಅಮ್ಮ, ಪೂರ್ತಿ ಒರೆಸಿಕೊಳ್ಳಿ, ಪೌಡರಿನ ಕಣ ಪಟದಲ್ಲಿ ಸುಣ್ಣದ ಚುಕ್ಕೆಯ ಹಾಗೆ ಕಾಣುತ್ತದೆ" ಎಂದಳು. ಆಮೇಲೆ ತಣ್ಣನೆಯ ಹಲಗೆ, ಮೇಲಿನಿಂದ ಇಳಿದು ಒತ್ತುವ ಇನ್ನೊಂದು ಹಲಗೆ. ನೋಯುತ್ತದೆ. ಸುಳ್ಳು ಹೇಳುವುದಿಲ್ಲ. ಹಲ್ಲು ಕಚ್ಚಿ ಒಂದರಿಂದ ಹತ್ತು ಎಣಿಸುವಷ್ಟು ಹೊತ್ತು, ಒಂದೊಂದು ಬದಿಗೆ ಎರಡೆರಡು ಸಲ. ಮರುದಿನ ಮತ್ತೆ ಬನ್ನಿ, ಎಡಬದಿಯನ್ನು ಇನ್ನೊಮ್ಮೆ ನೋಡಬೇಕು ಎಂದರು. ಆ ರಾತ್ರಿ ನಾನು ನನ್ನ ಎಫ್‌ಡಿ ರಸೀದಿಗಳನ್ನೆಲ್ಲ ತೆಗೆದು ಯಾರು ಯಾರಿಗೆ ಯಾವುದು ಎಂದು ಬರೆದಿಟ್ಟೆ. ಅಲ್ಟ್ರಾಸೌಂಡಿನಲ್ಲಿ ನೋಡಿದಾಗ ಅದು ನೀರು ತುಂಬಿದ ಚೀಲ, ಅಷ್ಟೇ. ಮತ್ತೆ ಕರೆದರೆ ಜೀವ ಬಾಯಿಗೆ ಬರುತ್ತದೆ. ಹಾಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ.

ಅಲ್ಲಿಯ ಡಾಕ್ಟರಮ್ಮ ನನಗೆ ಇನ್ನೊಂದು ಮಾತು ಹೇಳಿದ್ದರು. ತಾಯಿಗೆ ಎಳೆಯ ವಯಸ್ಸಿನಲ್ಲಿ ಬಂದಿದ್ದರೆ ಮಗಳು ಆ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ತಪಾಸಣೆ ಶುರು ಮಾಡಬೇಕು. ನಿನ್ನ ಅಮ್ಮನಿಗೆ ಆಗ 42. ಅಂದರೆ ನೀನು 32ಕ್ಕೆ ಶುರು ಮಾಡಬೇಕಿತ್ತು, ಈಗ ನಿನಗೇ 42. ನಿನಗೆ 32 ಆದ ವರ್ಷ ನಾನು ನಿನ್ನ ಮನೆಗೆ ಬಂದು ಎಂಟು ದಿನ ಇದ್ದೆ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿದೆ. ಮಗು ಚಿಕ್ಕದು, ಇವಳನ್ನು ಏಕೆ ಹೆದರಿಸಬೇಕು ಎಂದುಕೊಂಡೆ. ಮತ್ತೆ ಅದೇ ಬಚ್ಚಲಿನ ಬಾಗಿಲು.

ಅದಕ್ಕೇ ನಿನ್ನ ಆ ಮಾತು ನನ್ನನ್ನು ಇಷ್ಟು ಕಾಡುತ್ತಿದೆ. ಅದು ನಿನ್ನದಲ್ಲ. ನಮ್ಮಿಂದ ನಿನಗೆ ಬಂದದ್ದು. ನಮ್ಮ ಮನೆಯಲ್ಲಿ ಸ್ತನ ಎಂಬ ಪದವನ್ನೇ ಆಡುತ್ತಿರಲಿಲ್ಲ, ಕ್ಯಾನ್ಸರ್ ಎನ್ನಲು "ಆ ಕಾಯಿಲೆ" ಎನ್ನುತ್ತಿದ್ದೆವು.

ಬ್ಯಾಂಕಿನವಳ ಬುದ್ಧಿ, ಅಂಕಿಯಿಲ್ಲದೆ ನಂಬಿಕೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಶ್ರೀಮಂತ ದೇಶಗಳಲ್ಲಿ ಸ್ತನ ಕ್ಯಾನ್ಸರ್ ಬಂದ ನೂರು ಹೆಂಗಸರಲ್ಲಿ 90ಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ನಮ್ಮ ದೇಶದಲ್ಲಿ 66. ರೋಗ ಅದೇ. ನಮ್ಮವರು ತಡವಾಗಿ ಹೋಗುವುದು ಈ ಅಂತರಕ್ಕೆ ಒಂದು ದೊಡ್ಡ ಕಾರಣ. ಆಗೆಲ್ಲ ಇಡೀ ಸ್ತನವನ್ನೇ ತೆಗೆಯುವುದು ರೂಢಿಯಾಗಿತ್ತು. ಈಗ ಚಿಕ್ಕದಿರುವಾಗಲೇ ಸಿಕ್ಕಿದರೆ ಎಷ್ಟೋ ಜನರಿಗೆ ಗಂಟನ್ನಷ್ಟೇ ತೆಗೆದು ವಿಕಿರಣ ಕೊಡುತ್ತಾರೆ.

ನೀನು ಮಾಡಬೇಕಾದದ್ದು ಹೆಚ್ಚೇನಿಲ್ಲ. ಹೇಳಲು ನನಗೆ ಯಾವ ಅಧಿಕಾರವಿದೆ ಎಂದೂ ಅನಿಸುತ್ತದೆ, ಆದರೂ ಬರೆಯುತ್ತೇನೆ. ಮುಟ್ಟು ಕಳೆದ ಮೇಲಿನ ವಾರ ಹೋದರೆ ಮೈ ಮೆತ್ತಗಿರುತ್ತದೆ, ನೋವು ಕಡಿಮೆ. ಸೀರೆಯನ್ನೋ ಚೂಡಿದಾರವನ್ನೋ ಉಟ್ಟುಕೋ, ಮೇಲಿನದನ್ನಷ್ಟೇ ತೆಗೆದರೆ ಸಾಕಾಗುವಂಥದ್ದು. ನಿನ್ನ ವಯಸ್ಸಿಗೆ ಸ್ತನದ ಒಳಭಾಗ ದಟ್ಟವಾಗಿರುವುದರಿಂದ ಪಟದಲ್ಲಿ ಎಲ್ಲವೂ ಕಾಣದಿರಬಹುದು, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕೆಂದರೆ ಬೆಚ್ಚಬೇಡ. ಅಮ್ಮನ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳು, ವಯಸ್ಸಿನ ಸಮೇತ. ರಕ್ತದಿಂದ ಜೀನ್ ಪರೀಕ್ಷೆ ಬೇಕೇ ಎಂದೂ ಕೇಳು. ಈ ರೋಗದ ಅಪಾಯ ಹೆಚ್ಚಿಸುವ ಜೀನ್ ತಂದೆಯ ಕಡೆಯಿಂದಲೂ ಬರಬಹುದಂತೆ. ಹಾಗೆ ವಂಶದಿಂದ ಬರುವುದು ಈ ರೋಗ ಬಂದ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ. ಆದ್ದರಿಂದ ಅಮ್ಮನಿಗೆ ಬಂದಿದೆ, ನನಗೂ ಬಂದೇ ಬರುತ್ತದೆ ಎಂದು ಹಣೆಯಲ್ಲಿ ಬರೆದವಳ ಹಾಗೆ ಕೂರಬೇಡ.

ಮೀಯುವಾಗ ಬೆರಳು ಚಪ್ಪಟೆಯಾಗಿಟ್ಟು ನೋಡಿಕೊಳ್ಳುತ್ತಿರು. ಗಂಟು ಮಾತ್ರವಲ್ಲ, ಚರ್ಮ ಕುಳಿ ಬೀಳುವುದು, ಕಿತ್ತಳೆ ಸಿಪ್ಪೆಯ ಹಾಗಾಗುವುದು, ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಳ್ಳುವುದು, ಅದರಿಂದ ರಕ್ತ ಒಸರುವುದು. ಯಾವುದು ಕಂಡರೂ ಹೇಳು. ಕೈಯಲ್ಲಿ ನೋಡಿಕೊಂಡೆ, ಇನ್ನು ಆಸ್ಪತ್ರೆ ಏಕೆ ಎನ್ನಬೇಡ.

ನಿನ್ನ ಅತ್ತೆಯವರು ಅರವತ್ತು ದಾಟಿದ್ದಾರಲ್ಲ, ಅವರನ್ನೂ ಕರೆದುಕೊಂಡು ಬಾ. ಮುಂಬೈಯಲ್ಲಿ 1998ರಿಂದ ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರಂತೆ. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೇ ಕೈಯಲ್ಲಿ ಪರೀಕ್ಷಿಸಿದವರ ಪೈಕಿ 50 ದಾಟಿದವರಲ್ಲಿ ಈ ರೋಗದ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿದಿತ್ತು. ಅಂಥ ಪರೀಕ್ಷೆ ಈಗ ಸರಕಾರದ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದ ಎಲ್ಲ ಹೆಂಗಸರಿಗೂ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾಳೆ.

ಕುಲಾವಿಯ ಲೆಕ್ಕ ನಿನ್ನ ಅಮ್ಮನ ನೋಟುಪುಸ್ತಕದಲ್ಲಿ ಸಿಕ್ಕಿತು: ಹತ್ತನೇ ನಂಬರಿನ ಕಡ್ಡಿ, 72 ಕುಣಿಕೆ, ಮೊದಲ ಎಂಟು ಸಾಲು ಒಂದು ಸೀದಾ ಒಂದು ಉಲ್ಟಾ. ನೋಟುಪುಸ್ತಕವನ್ನು ನೀನು ಬಂದಾಗ ಕೊಡುತ್ತೇನೆ. ಆ ಒಂದೇ ತೋಳಿನ ಸ್ವೆಟರೂ ನನ್ನ ಕಪಾಟಿನಲ್ಲಿದೆ, ನುಸಿಗುಳಿಗೆ ಹಾಕಿ ಇಟ್ಟಿದ್ದೇನೆ.

ಬರೆದದ್ದನ್ನು ಮೊದಲಿನಿಂದ ಓದಿದೆ. ಅಷ್ಟಮಿಗೆ ಬಾ ಎಂದು ಬರೆದಿದ್ದೇನೆ. ನೋಡು, ಮತ್ತೆ ಹಬ್ಬ ಮುಗಿಯಲಿ ಎಂದೇ ಬರೆದಿದ್ದೇನೆ. ಅದನ್ನು ಬಿಟ್ಟುಬಿಡು, ಅಷ್ಟಮಿಯವರೆಗೆ ಬೇಡ. ಈ ತಿಂಗಳ ಮುಟ್ಟು ಕಳೆದ ಕೂಡಲೇ ಬಾ. ಯಾವ ದಿನವೆಂದು ಫೋನ್ ಮಾಡಿ ಹೇಳು, ನಾನು ಆಸ್ಪತ್ರೆಯಲ್ಲಿ ಸಮಯ ಕೇಳಿಡುತ್ತೇನೆ. ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ, ಒಳಗೆ ಕರೆಯುವವರೆಗೂ ನಿನ್ನ ಪಕ್ಕದಲ್ಲೇ ಕುಳಿತಿರುತ್ತೇನೆ. ಹೆಣಿಗೆ ತಂದುಕೋ, ಅಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಪೌಡರ್ ಹಾಕಿಕೊಳ್ಳಬೇಡ.

ನಿನ್ನ
ದೊಡ್ಡಮ್ಮ